ಬಿಟ್ಟೆ, ಹಿಡ್ದೆ

ನನ್ನ ಹೆಂಡತಿ ಬ್ರೆಡ್ ಕಾರ್ಖಾನೆಯಲ್ಲಿ ಬ್ರೆಡ್ ಕತ್ತರಿಸುವ ಯಂತ್ರ ನೋಡಿಕೊಳ್ಳುತ್ತಾಳೆ. ಒಂದು ಪ್ಯಾಕೆಟ್ಟಿನ ಹೋಳುಗಳೆಲ್ಲ ಒಂದೇ ದಪ್ಪ ಇದ್ದರೆ ಅದು ಯಂತ್ರದ ಗುಣವೆಂದು ಎಲ್ಲರೂ ತಿಳಿದಿರುತ್ತಾರೆ. ಮದುವೆಗೆ ಮುಂಚೆ ನಾನೂ ಹಾಗೇ ತಿಳಿದಿದ್ದೆ. ಬ್ರೆಡ್ಡು ಸರಿಯಾಗಿ ಆರದಿದ್ದರೆ ಅಲಗಿಗೆ ಮೆತ್ತಿಕೊಳ್ಳುತ್ತದೆ, ತೀರಾ ಆರಿದರೆ ಪುಡಿಪುಡಿಯಾಗುತ್ತದೆ. ಹದ ಬಂದಿದೆಯೋ ಇಲ್ಲವೋ ಎಂದು ಅವಳು ಅಂಗೈ ತಿರುಗಿಸಿ, ಕೈಯ ಹಿಂಬದಿಯನ್ನು ಬ್ರೆಡ್ಡಿಗೆ ಒತ್ತಿ ನೋಡುತ್ತಾಳೆ, ಮಗುವಿಗೆ ಜ್ವರ ಇದೆಯಾ ಎಂದು ನೋಡುವ ಹಾಗೆ. ನನಗೆ ಜ್ವರ ಬಂದಾಗಲೂ ಹಾಗೇ ಮುಟ್ಟಿ ನೋಡಿ, "ಇನ್ನೂ ಕಟ್ ಮಾಡೋ ಹಾಗಿಲ್ಲ" ಎಂದು ಹೇಳಿ ಮಲಗಿದ್ದಳು.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು, ಮೂಗಿನ ಮೇಲೆ ಜಾರುವುದನ್ನು ಸರಿ ಮಾಡುವುದು. ಊರಿನವರಿಗೆಲ್ಲ ಚೆನ್ನಾಗಿ ಕಾಣುವಂತೆ ಮಾಡುವುದೇ ನನ್ನ ಹೊಟ್ಟೆಪಾಡು. ನನಗೆ ಏನು ಕಾಣುತ್ತಿರಲಿಲ್ಲ ಎನ್ನುವುದು ಮುಂದೆ ಬರುತ್ತದೆ.

ಅವಳ ಯಂತ್ರ ಪಾಳಿ ಬದಲಾಗುವಾಗಲೂ ನಿಲ್ಲುವುದಿಲ್ಲ. ಅದಕ್ಕೇ ಅಲ್ಲೊಂದು ಪದ್ಧತಿಯಿದೆ. ಪಾಳಿ ಮುಗಿಸಿ ಹೋಗುವವರು ಯಂತ್ರದ ಹಿಡಿಯಿಂದ ಕೈ ತೆಗೆಯುವ ಮುನ್ನ "ಬಿಟ್ಟೆ" ಎನ್ನಬೇಕು. ಬಂದವರು ಹಿಡಿಯ ಮೇಲೆ ಕೈಯಿಟ್ಟು "ಹಿಡ್ದೆ" ಎನ್ನಬೇಕು. ಎರಡೂ ಮಾತು ಕಿವಿಗೆ ಬೀಳುವವರೆಗೆ ಯಾರೂ ಕದಲುವ ಹಾಗಿಲ್ಲ. ಹಿಂದೊಮ್ಮೆ, ಬಂದವನು ಹಿಡಿದಿದ್ದಾನೆ ಎಂದುಕೊಂಡು ಹಳಬ ಹೋದ. ಹಳಬ ಇನ್ನೂ ಇದ್ದಾನೆ ಎಂದುಕೊಂಡು ಹೊಸಬನೂ ಹೋದ. ಚಹಾದ ಕೌಂಟರಿನಲ್ಲಿ ಇಬ್ಬರೂ ಮುಖಾಮುಖಿಯಾದಾಗಲೇ ವಿಷಯ ಗೊತ್ತಾದದ್ದು. ಓಡಿ ಬರುವಷ್ಟರಲ್ಲಿ ನೆಲದ ಮೇಲೆ ಮೊಣಕಾಲೆತ್ತರ ಬ್ರೆಡ್ಡಿತ್ತಂತೆ.

ಈ ಪದ್ಧತಿಯನ್ನು ಅವಳು ಬಟ್ಟೆಗಂಟಿದ ಹಿಟ್ಟಿನ ಜೊತೆಗೇ ಮನೆಗೆ ತಂದಳು. ಒಲೆಯ ಮೇಲೆ ಹಾಲಿಟ್ಟು ಸ್ನಾನಕ್ಕೆ ಹೋಗುವಾಗ "ಬಿಟ್ಟೆ" ಎಂದು ಕೂಗುತ್ತಾಳೆ. ನಾನು ಎಲ್ಲಿದ್ದರೂ ಬಂದು "ಹಿಡ್ದೆ" ಎನ್ನಬೇಕು. ಹಾಲು ಉಕ್ಕಿದರೆ ಯಾರು ಹಿಡಿದಿದ್ದರು ಎಂದು ವಿಚಾರಣೆ ನಡೆಯುತ್ತದೆ. ಪ್ರತಿ ಸಲವೂ ಹಿಡಿದಿದ್ದವನು ನಾನೇ.

ನಮ್ಮ ನಾಯಿ ಬಂದದ್ದೂ ಕಾರ್ಖಾನೆಯಿಂದಲೇ. ಬ್ರೆಡ್ಡಿನ ಎರಡು ತುದಿಯ ಗಟ್ಟಿ ಹೋಳುಗಳನ್ನು ಅಲ್ಲಿ ಹಿಂಬಾಗಿಲ ಹತ್ತಿರದ ಡ್ರಮ್ಮಿಗೆ ಹಾಕುತ್ತಾರೆ. ಒಂದು ಬೆಳಿಗ್ಗೆ ಆ ಡ್ರಮ್ಮಿನೊಳಗೆ ನಾಯಿಮರಿಯೊಂದು ಹೊಟ್ಟೆ ಬಿರಿಯ ತಿಂದು, ಹತ್ತಿ ಬರಲಾರದೆ ಮಲಗಿತ್ತು. ಇವಳು ಏಪ್ರನ್ನಿನಲ್ಲಿ ಸುತ್ತಿ ಮನೆಗೆ ತಂದಳು. ಬಾಗಿಲು ತೆರೆದ ನಾನು, "ದಿಂಬು ಯಾಕೆ ತಂದೆ?" ಎಂದೆ. ಹೆಸರು ಹಾಗೇ ನಿಂತಿತು. ಈಗ ದಿಂಬು ಬಾಗಿಲಿಗೆ ಅಡ್ಡ ಮಲಗಿದರೆ ಆಚೆ ಹೋಗುವವರು ಓಡಿ ಬಂದು ನೆಗೆಯಬೇಕು.

ದಿಂಬುವನ್ನು ಒಂಟಿಯಾಗಿ ಬಿಟ್ಟು ನಾವಿಬ್ಬರೂ ಹೊರಗೆ ಹೋದದ್ದು ಒಂದೇ ಒಂದು ಸಲ, ಅದು ಬಂದ ಮರುದಿನವೇ, ನೆಂಟರೊಬ್ಬರ ಮದುವೆಗೆ. ತಿರುಗಿ ಬಂದಾಗ ಕೆಳಗಿನ ಮನೆಯ ಆಂಟಿ ಮೆಟ್ಟಿಲ ಮೇಲೆ ತಲೆಗೆ ಸೆರಗು ಹೊದ್ದು ಕೂತಿದ್ದರು.

"ಏನಾಯ್ತು ಆಂಟಿ?"

"ಅಯ್ಯೋ, ನೀವು ಬದುಕಿದ್ದೀರಾ! ನಿಮ್ಮನೇಲಿ ಆ ಥರ ಅಳೋದು ಕೇಳಿ, ಯಾರೋ ಹೋಗ್ಬಿಟ್ರು ಅಂದ್ಕೊಂಡು ಬಂದೆ. ಬಾಗ್ಲು ಯಾರೂ ತೆಗೀಲಿಲ್ಲ. ಸರಿ, ಇಲ್ಲೇ ಕೂತು ನಾನೂ ಸ್ವಲ್ಪ ಅತ್ತೆ."

ಆಮೇಲೆ ದಿಂಬುವನ್ನು ಒಂಟಿಯಾಗಿ ಬಿಡಲಿಲ್ಲ. ಅವಳು ರಾತ್ರಿ ಪಾಳಿ ತೆಗೆದುಕೊಂಡಳು. ನನ್ನದು ಹೇಗೂ ಹಗಲಿನ ಅಂಗಡಿ. ಬೆಳಿಗ್ಗೆ ಅವಳು ಬರುವಾಗ ನಾನು ಹೊರಡುತ್ತೇನೆ, ಸಂಜೆ ನಾನು ಬರುವಾಗ ಅವಳು ಹೊರಡುತ್ತಾಳೆ. ನಮ್ಮ ದಾಂಪತ್ಯವೆಲ್ಲ ಹೊಸ್ತಿಲ ಮೇಲೆ ನಡೆಯುತ್ತಿತ್ತು. ದಿಂಬುವಿನ ಹಗ್ಗ ನನ್ನ ಕೈಯಿಂದ ಅವಳ ಕೈಗೆ. "ಬಿಟ್ಟೆ." "ಹಿಡ್ದೆ." ದಿಂಬು ನಡುವೆ ಕೂತು ಎರಡೂ ಮಾತನ್ನು ಗಮನವಿಟ್ಟು ಕೇಳಿ, ಆಮೇಲೆ ಎದ್ದು ಒಳಗೆ ಹೋಗುತ್ತಿತ್ತು. ವಾರದ ರಜೆಯೂ ಬೇರೆ ಬೇರೆ ದಿನ. ನನ್ನ ರಜೆಯಲ್ಲಿ ಅವಳಿಗೆ ನಿದ್ದೆ. ಅವಳ ರಜೆಯಲ್ಲಿ ಅವಳು ನಿದ್ದೆ ಬಾರದೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆಯುತ್ತಿದ್ದಳು, ನಾನು ಗೊರಕೆ. ಅಮ್ಮ ಫೋನು ಮಾಡಿದಾಗೆಲ್ಲ ಮೊಮ್ಮಗುವಿನ ಮಾತೆತ್ತುತ್ತಿದ್ದರು. "ಅಮ್ಮಾ, ಮೊದ್ಲು ನಾವಿಬ್ರೂ ಭೇಟಿ ಆಗ್ಬೇಕು" ಎಂದರೆ ಹುಡುಗಾಟ ಎಂದು ಬೈಯುತ್ತಿದ್ದರು.

ಹೇಳಬೇಕಾದ ಮಾತುಗಳನ್ನು ದಿಂಬುವಿನ ಮೂಲಕ ಹೇಳುವುದು ಹೀಗೇ ಶುರುವಾಯಿತು. ಹೊಸ್ತಿಲ ಮೇಲೆ ಒಬ್ಬರಿಗೊಬ್ಬರು ಮುಖ ಕೊಡಲು ಪುರುಸೊತ್ತಿಲ್ಲ. ಕೈ ಹೇಗೂ ನಾಯಿಯ ತಲೆಯ ಮೇಲಿರುತ್ತಿತ್ತು. "ದಿಂಬೂ, ನಿಮ್ಮಪ್ಪಂಗೆ ಹೇಳು, ಬಲ್ಬ್ ಹೋಗಿದೆ ಅಂತ." "ದಿಂಬೂ, ನಿಮ್ಮಮ್ಮಂಗೆ ಹೇಳು, ಬಲ್ಬ್ ತಂದಿದೀನಿ, ಸ್ಟೂಲ್ ಹತ್ತಕ್ಕೆ ಭಯ." ಇನ್ನೊಂದು ವಿಷಯ. ನನ್ನ ಹತ್ತಿರ ನೇರವಾಗಿ ಮಾತಾಡುವಾಗ ಅವಳು "ರೀ, ನೀವು" ಎನ್ನುತ್ತಾಳೆ. ದಿಂಬುವಿನ ಹತ್ತಿರವಾದರೆ ನಾನು "ಅವ್ನು". "ಅವ್ನು ಒಗ್ಯೋ ಬಟ್ಟೇನ ಮಡಿಸಿಟ್ಟಿದಾನೆ ನೋಡೋ, ಒಗ್ದಿರೋದನ್ನ ಮೂಲೆಗೆ ಎಸ್ದಿದಾನೆ." ನನ್ನ ಬಗ್ಗೆ ಅವಳ ನಿಜವಾದ ಅಭಿಪ್ರಾಯಗಳು ನನಗೆ ತಿಳಿಯುತ್ತಿದ್ದದ್ದು ಹೀಗೆ.

ಹೀಗಿರುವಾಗ ಎರಡು ಸುದ್ದಿ ಒಂದೇ ವಾರದಲ್ಲಿ ಬಂದವು. ಕಾರ್ಖಾನೆಯಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಸೂಪರ್‌ವೈಸರ್, ಹಗಲು ಪಾಳಿಯಲ್ಲಿ ಒಂದು ಜಾಗ ಖಾಲಿಯಾಗುತ್ತಿದೆ, ನಿನಗೆ ಬೇಕಾ ಎಂದು ಇವಳನ್ನು ಕೇಳಿದರು. ಹಿಂದಿನ ಬೀದಿಯಲ್ಲಿದ್ದ ಶಿಶುವಿಹಾರ, ಮಕ್ಕಳು ಕಡಿಮೆಯಾದ್ದರಿಂದ, ನಾಯಿಗಳನ್ನು ಹಗಲು ನೋಡಿಕೊಳ್ಳುವ ಜಾಗವಾಗಿ ಬದಲಾಯಿತು. ಟೀಚರು ಅವರೇ, ಪುಟ್ಟ ಕುರ್ಚಿಗಳು ಅವೇ, ಗೋಡೆಯ ಮೇಲಿನ ಬಾತುಕೋಳಿಗಳೂ ಅವೇ.

"ಹಗಲು ಶಿಫ್ಟ್ ಸಿಕ್ಕಿದ್ರೆ ಏನು ಮಾಡ್ತೀಯಾ?" ಎಂದು ಹೊಸ್ತಿಲ ಮೇಲೆ ಕೇಳಿದೆ.

"ದಿಂಬೂ, ಹೇಳು ಅವ್ನಿಗೆ," ಎಂದಳು ಶೂ ಬಿಚ್ಚುತ್ತಾ. "ಮನುಷ್ಯರ ಥರ ರಾತ್ರಿ ಮಲಗ್ತೀನಿ. ಪಕ್ಕದಲ್ಲಿ ಗೊರಕೆ ಹೊಡೆಯೋರು ಯಾರೂಂತ ಲೈಟ್ ಹಾಕಿ ನೋಡ್ತೀನಿ."

ತಮಾಷೆಯಾಗಿಯೇ ಹೇಳಿದಳು. ಆದರೆ ಹಗ್ಗ ಹಿಡಿದುಕೊಂಡ ಮೇಲೂ ಅವಳು "ಹಿಡ್ದೆ" ಎನ್ನುವುದನ್ನು ಮರೆತಿದ್ದಳು. ದಿಂಬು ಕೂತೇ ಇತ್ತು. ಅಷ್ಟು ಆಸೆ ಇದೆ ಎಂದು ನನಗೆ ಗೊತ್ತಾದದ್ದು ಆಗ.

ಟೀಚರ ನಿಯಮ ಖಡಾಖಂಡಿತವಾಗಿತ್ತು. "ಮೊದಲ್ನೇ ದಿನ ಪರೀಕ್ಷೆ. ಸಾಯಂಕಾಲದೊಳಗೆ ಬಾಗ್ಲು ಬಿಟ್ಟು ಒಳಗೆ ಬಂದು ಏನಾದ್ರೂ ತಿಂದ್ರೆ ಸೇರಿಸ್ಕೋತೀನಿ. ಇಲ್ದಿದ್ರೆ ಇಲ್ಲ. ಹಸ್ಕೊಂಡು ಕೂತಿರೋ ನಾಯೀನ ನೋಡೋ ಶಕ್ತಿ ನಂಗಿಲ್ಲ." ಅಕ್ಕನಿಗೂ ಅದೇ ಸಂಜೆ ಉತ್ತರ ಬೇಕಿತ್ತು, ಇವಳು ಬೇಡವೆಂದರೆ ಆ ಜಾಗಕ್ಕೆ ಪ್ಯಾಕಿಂಗ್ ವಿಭಾಗದವಳೊಬ್ಬಳು ಕಾಯುತ್ತಿದ್ದಳು. ಹೀಗೆ ನಮ್ಮ ಸಂಸಾರದ ಮುಂದಿನ ದಾರಿ ದಿಂಬು ಒಂದು ಬಿಸ್ಕತ್ತು ತಿನ್ನುತ್ತದೋ ಇಲ್ಲವೋ ಎನ್ನುವುದರ ಮೇಲೆ ನಿಂತಿತು. ಇವಳು ರಜೆಯನ್ನು ಆ ದಿನಕ್ಕೆ ಬದಲಾಯಿಸಿಕೊಂಡಳು. ನಾನು ನಮ್ಮ ಯಜಮಾನರಿಗೆ ಮೈ ಹುಷಾರಿಲ್ಲ ಎಂದು ಹೇಳಿದೆ. ಮಗನನ್ನು ಶಾಲೆಗೆ ಸೇರಿಸುವುದಿದೆ ಎನ್ನಬಹುದಿತ್ತು, ಮಗ ಯಾರು ಎಂದು ಕೇಳಿದರೆ ಕಷ್ಟ.

ಬೆಳಿಗ್ಗೆ ಮೂವರೂ ಒಟ್ಟಿಗೆ ಹೊರಟೆವು. ದಿಂಬು ಹೆಜ್ಜೆಗೊಮ್ಮೆ ತಲೆಯೆತ್ತಿ ಅವಳನ್ನು ನೋಡುತ್ತಿತ್ತು, ಆಮೇಲೆ ನನ್ನನ್ನು. ಖುಷಿ ಎಂದುಕೊಂಡೆ.

ಟೀಚರು ಬಾಗಿಲಲ್ಲೇ ದಿಂಬುವಿನ ಹಗ್ಗ ಬಿಚ್ಚಿ, ಗೋಡೆಗೆ ಮಕ್ಕಳ ಎತ್ತರಕ್ಕೆ ಹೊಡೆದಿದ್ದ ಗೂಟಕ್ಕೆ ನೇತುಹಾಕಿದರು. "ಇಲ್ಲಿ ಹಗ್ಗ ಗಿಗ್ಗ ಏನೂ ಇಲ್ಲ, ಎಲ್ಲ ಫ್ರೀ" ಎಂದರು. ಬಿಸ್ಕತ್ತು ತೋರಿಸಿ ದಿಂಬುವನ್ನು ಹಿತ್ತಲ ಕಡೆ ಕರೆದುಕೊಂಡು ಹೋಗುತ್ತಾ ನಮಗೆ ಕಣ್ಸನ್ನೆ ಮಾಡಿದರು. "ಈಗ ಜಾರ್ಕೊಳಿ. ತಿರುಗಿ ನೋಡ್ಬೇಡಿ. ಅಳ್ಬೇಡಿ. ಮಕ್ಕಳ ಅಪ್ಪ ಅಮ್ಮಂದಿರು ಎಷ್ಟೋ ವಾಸಿ, ನಾಯಿಗಳೋರೇ ಜಾಸ್ತಿ ಅಳೋದು."

ನಾವು ಚಪ್ಪಲಿ ಸದ್ದಾಗದ ಹಾಗೆ, ಕಳ್ಳರಂತೆ ಹೊರಬಂದೆವು. ನಾನು ಅಳಲಿಲ್ಲ. ಮೂಗು ಸೋರಿತು, ಅದು ನಾಯಿಗಳ ಕೂದಲಿನಿಂದ.

ಇಡೀ ಹಗಲು ನಮ್ಮದು. ಇಬ್ಬರಿಗೂ ಎಚ್ಚರವಿತ್ತು, ಇಬ್ಬರಿಗೂ ರಜೆಯಿತ್ತು. ಬೀದಿಯ ತುದಿಯವರೆಗೆ ನಡೆದು ನಿಂತೆವು.

"ಈಗ?" ಎಂದೆ.

"ಈಗ ಅಂದ್ರೆ? ನೀವು ಹೇಳಿ."

"ನೀನು ಹೇಳು."

ಕೊನೆಗೆ ಹತ್ತಿರವಿದ್ದ ಹೋಟೆಲಿಗೆ ನುಗ್ಗಿದೆವು. ಎದುರುಬದುರು ಕೂತ ಮೇಲೆ ಗೊತ್ತಾಯಿತು, ಕೈಯನ್ನು ಎಲ್ಲಿ ಇಡಬೇಕೆಂದು ನಮಗಿಬ್ಬರಿಗೂ ತಿಳಿಯುತ್ತಿಲ್ಲ. ನಾನು ಮೇಜಿನ ಕೆಳಗೆ ಕೈ ಬಿಟ್ಟೆ. ಅಲ್ಲಿ ಅವಳ ಕೈಯೂ ಇತ್ತು, ತಲೆಯೊಂದನ್ನು ಹುಡುಕುತ್ತಾ. ಇಬ್ಬರೂ ಕೈ ಎಳೆದುಕೊಂಡೆವು, ಹೆಣ್ಣು ನೋಡಲು ಬಂದವರ ಹಾಗೆ.

ಬ್ರೆಡ್ ಟೋಸ್ಟ್ ಬಂತು. ಅವಳು ತಿನ್ನುವ ಮೊದಲು ಹೋಳುಗಳನ್ನು ಎತ್ತಿ ಅಂಚು ನೋಡಿದಳು. "ನಮ್ದಲ್ಲ," ಎಂದಳು. "ಬಿಸಿ ಇರೋವಾಗ್ಲೇ ಕಟ್ ಮಾಡಿದಾರೆ." ತಂದಿಟ್ಟ ಮಾಣಿಯ ಕನ್ನಡಕ ಒಂದು ಕಡೆ ವಾಲಿತ್ತು. ನನ್ನ ಕೈ ಸುಮ್ಮನಿರಲಿಲ್ಲ. ಇಸಿದುಕೊಂಡು, ಕಡ್ಡಿ ಬಗ್ಗಿಸಿ, ಒರೆಸಿ ಕೊಟ್ಟೆ. ಅವನು ಹಾಕಿಕೊಂಡು ನಮ್ಮಿಬ್ಬರನ್ನೂ ನೋಡಿ, "ಸಾರ್, ನೀವು ಮಾತಾಡಲ್ವಾ? ಜಗಳಾನಾ?" ಎಂದ.

"ಇಲ್ಲಪ್ಪಾ, ರಜ" ಎಂದೆ.

ಅವನು ಹೋದ ಮೇಲೆ ಅವಳು ಪಕ್ಕದ ಖಾಲಿ ಕುರ್ಚಿಗೆ ಹೇಳಿದಳು, "ನೋಡೋ, ನಿಮ್ಮಪ್ಪ ಕಾಫಿ ಆರಿಸ್ಕೊಂಡು ಕೂತಿದಾನೆ." ಹೇಳಿಯಾದ ಮೇಲೆ ಅವಳಿಗೇ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಗೋಡೆಯ ಮೇಲಿನ ತಿಂಡಿ ಬೋರ್ಡನ್ನು ಓದುವವಳ ಹಾಗೆ ಕಣ್ಣು ಕಿರಿದು ಮಾಡಿ, ಕುತ್ತಿಗೆ ಮುಂದೆ ಚಾಚಿದಳು. ಬೋರ್ಡು ದೊಡ್ಡದಿತ್ತು. ಅಕ್ಷರ ಅಂಗೈಯಗಲ ಇದ್ದವು.

ನಾನು ಕಾಫಿ ಕೆಳಗಿಟ್ಟೆ. ಹಾಗೆ ಕುತ್ತಿಗೆ ಚಾಚುವವರನ್ನು ನಮ್ಮ ಅಂಗಡಿಯಲ್ಲಿ ಬಾಗಿಲಿಂದಲೇ ಗುರುತಿಸುತ್ತೇವೆ. ಗುರುತಿಸುವುದರಲ್ಲಿ ನನ್ನಷ್ಟು ಚುರುಕು ಯಾರೂ ಇಲ್ಲ ಎಂದು ಯಜಮಾನರೇ ಹೇಳಿದ್ದಾರೆ.

"ಮೂರನೇ ಸಾಲು ಓದು" ಎಂದೆ.

"ಯಾಕೆ?"

"ಓದು."

"ಏನೋ ಬನ್ ಅಂತ ಇದೆ."

ಅಲ್ಲಿ ಬನ್ ಇರಲಿಲ್ಲ. ಕೈ ತೊಳೆಯುವ ಜಾಗ ಒಳಗಿದೆ ಎಂದಿತ್ತು.

"ಎಷ್ಟು ದಿನದಿಂದ ಹೀಗೆ?"

"ಆಯ್ತು, ಒಂದು ವರ್ಷ ಆಗಿರ್ಬೋದು. ಕೆಲ್ಸಕ್ಕೇನೂ ತೊಂದ್ರೆ ಇಲ್ಲ, ಬ್ರೆಡ್ಡು ಹತ್ರಾನೇ ಇರುತ್ತಲ್ಲ. ಬಸ್ ಬೋರ್ಡ್ ಮಾತ್ರ ಯಾರ್ನಾದ್ರೂ ಕೇಳ್ತೀನಿ."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ದಿಂಬುಗೆ ಹೇಳಿದ್ನಲ್ಲ," ಎಂದಳು. "ಅವ್ನು ಹೇಳ್ಲಿಲ್ವಾ?"

ನಗಿಸಲು ಹೇಳಿದಳೋ, ನಿಜವಾಗಿಯೇ ಕೇಳಿದಳೋ, ತಿಳಿಯಲಿಲ್ಲ. ಅಷ್ಟರಲ್ಲಿ ಅವಳಿಗೆ ಟೀಚರ ಫೋನು ಬಂತು.

"ಅಮ್ಮಾ, ಇದು ಅಳ್ತಿಲ್ಲ, ಬೊಗಳ್ತಿಲ್ಲ. ಬಾಗ್ಲು ಮುಂದೆ ಕೂತ್ಬಿಟ್ಟಿದೆ. ಬಿಸ್ಕತ್ತು ಮುಂದಿಟ್ರೆ ಅದರ ಕಡೆ ನೋಡ್ತಾನೂ ಇಲ್ಲ. ಅಲ್ಲಾಡ್ಸಕ್ಕೂ ಆಗ್ತಿಲ್ಲ, ಏನ್ ತೂಕ ಮಾರಾಯ್ತಿ! ಬಂದು ಕರ್ಕೊಂಡು ಹೋಗಿ. ಕೆಲವಕ್ಕೆ ಒಗ್ಗಲ್ಲ."

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಅರ್ಧ ತಿಂದ ಟೋಸ್ಟನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಅದು ದಿಂಬುವಿನ ಪಾಲು. ದಾರಿಯಲ್ಲಿ, "ಹೋಗ್ಲಿ ಬಿಡಿ, ಆ ಪ್ಯಾಕಿಂಗ್ ಹುಡುಗಿಗೂ ಹಗಲು ಬೇಕು" ಎಂದಳು. ನಾನಂತೂ, ತಪ್ಪು ತಿಳಿಯಬೇಡಿ, ಒಳಗೊಳಗೇ ಸ್ವಲ್ಪ ಉಬ್ಬಿದ್ದೆ. ನಮ್ಮನ್ನು ಬಿಟ್ಟಿರಲಾರದೆ ಅನ್ನನೀರು ಬಿಟ್ಟ ಜೀವ! ನಮ್ಮನ್ನು ಕಂಡಕೂಡಲೇ ಓಡಿ ಬಂದು ಎದೆಯ ಮೇಲೆ ಬೀಳುತ್ತದೆ ಎಂದು ಕಾಲು ಅಗಲಿಸಿ ಗಟ್ಟಿಯಾಗಿ ನಿಂತು ಬಾಗಿಲು ತೆರೆದೆ.

ದಿಂಬು ಏಳಲಿಲ್ಲ. ಬಾಲ ಒಮ್ಮೆ ನೆಲಕ್ಕೆ ಬಡಿದು, ಅವಳನ್ನು ನೋಡಿತು. ನನ್ನನ್ನು ನೋಡಿತು. ಆಮೇಲೆ ಗೂಟದಲ್ಲಿ ನೇತಾಡುತ್ತಿದ್ದ ಹಗ್ಗವನ್ನು ನೋಡಿತು. ಸಂಬಳದ ದಿನ ಕ್ಯಾಷಿಯರ್ ಎದ್ದು ಹೋದರೆ ಸಾಲಿನಲ್ಲಿ ನಿಂತವರು ನೋಡುತ್ತಾರಲ್ಲ, ಹಾಗೆ.

"ಪ್ರೀತಿ," ಎಂದೆ ಟೀಚರಿಗೆ, ಮೂಗು ಒರೆಸಿಕೊಳ್ಳುತ್ತಾ.

"ಪ್ರೀತಿ ಅಲ್ಲ ಕಣ್ರೀ," ಎಂದಳು ನನ್ನ ಹೆಂಡತಿ. ಅವಳ ಮುಖದ ಮೇಲೆ ಯಂತ್ರದ ಸದ್ದು ಬದಲಾದಾಗ ಬರುವಂಥ ಗಮನ ಬಂದಿತ್ತು. "ಡ್ಯೂಟಿ. ಯಾರಾದ್ರೂ ಹೋದ್ರೆ ಇನ್ನೊಬ್ರು ಬಂದು ಹಿಡೀಬೇಕು. ಇವತ್ತು ಇಬ್ರೂ ಹೋದ್ವಿ. ನಾವು ಬಿಟ್ಟೆ ಅಂದಿಲ್ಲ, ಯಾರೂ ಹಿಡ್ದೆ ಅಂದಿಲ್ಲ. ಅವ್ನು ಲೈನಲ್ಲೇ ನಿಂತಿದಾನೆ."

ನನ್ನ ಉಬ್ಬು ಇಳಿಯಿತು.

ಅವಳು ಹಗ್ಗ ತೆಗೆದು ದಿಂಬುವಿನ ಕೊರಳಪಟ್ಟಿಗೆ ಸಿಕ್ಕಿಸಿದಳು. ಇನ್ನೊಂದು ತುದಿಯನ್ನು ಟೀಚರ ಕೈಗಿಟ್ಟಳು, ತನ್ನ ಕೈ ತೆಗೆಯದೆ. "ಟೀಚರ್, ನಾನು ಬಿಟ್ಟೆ ಅಂತೀನಿ. ನೀವು ಹಿಡ್ದೆ ಅನ್ನಿ. ಆಮೇಲೆ ಹಗ್ಗ ಬಿಚ್ಚಿ, ಪರವಾಗಿಲ್ಲ."

"ಇದೇನಮ್ಮಾ ಇದು, ಕನ್ಯಾದಾನ ಮಾಡೋ ಹಾಗೆ!"

"ಅನ್ನಿ ಟೀಚರ್, ದಮ್ಮಯ್ಯ."

"ಬಿಟ್ಟೆ" ಎಂದಳು ಇವಳು.

"ಸರಿ, ಆಯ್ತು" ಎಂದರು ಟೀಚರು.

ದಿಂಬು ಕದಲಲಿಲ್ಲ. ಟೀಚರು ಅದರ ಮುಖ ನೋಡಿದರು, ಇಷ್ಟು ವರ್ಷ ಪುಟ್ಟ ಮಕ್ಕಳ ಮುಖ ನೋಡಿದ ಹಾಗೆ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹಾಜರಿ ಹೇಳುವ ಸ್ವರದಲ್ಲಿ, "ಹಿಡ್ದೆ" ಎಂದರು.

ದಿಂಬು ಒಂದು ದೊಡ್ಡ ನಿಟ್ಟುಸಿರು ಬಿಟ್ಟಿತು. ಎದ್ದು ಮೈ ಕೊಡವಿತು. ಮುಂದಿದ್ದ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡು, ಪಕ್ಕದಲ್ಲಿ ಮಲಗಿದ್ದ ಕುಳ್ಳ ನಾಯಿಯೊಂದರ ಪಾಲಿನದನ್ನೂ ತಿಂದು, ಟೀಚರ ಹಿಂದೆ ಹಿತ್ತಲಿಗೆ ಹೋಯಿತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಪಾಳಿ ಮುಗಿಸಿದವರು ಇನ್ನೂ ಯಾಕೆ ನಿಂತಿದ್ದಾರೆ ಎನ್ನುವ ಹಾಗಿತ್ತು.

ಹೊರಗೆ ಬಿಸಿಲಿತ್ತು. ಸಿನಿಮಾಕ್ಕೆ ಹೋಗಬಹುದಿತ್ತು. ನಾನು ಅವಳ ಮೊಣಕೈ ಹಿಡಿದು ನಮ್ಮ ಅಂಗಡಿಗೆ ಕರೆದುಕೊಂಡು ಹೋದೆ. ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೈ ಹುಷಾರಿಲ್ಲ ಅಂದಿದ್ದೆ?" ಎಂದರು. "ನನ್ನ ಮೈಯಲ್ಲ ಸಾರ್, ಇವಳ ಕಣ್ಣು" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ, ಆದರೆ ಗಿರಾಕಿ ಬಂದಿದ್ದರು.

ಪರೀಕ್ಷೆಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಗುಂಡು ಗಾಜು ಹಾಕುವ ಕಬ್ಬಿಣದ ಫ್ರೇಮನ್ನು ಮೂಗಿಗೇರಿಸಲಾಯಿತು. ಯಜಮಾನರು ಒಂದೊಂದೇ ಗಾಜು ಬದಲಾಯಿಸಿದರು. ನಾನು ಎದುರಿಗೆ ಅಕ್ಷರದ ಹಲಗೆಯ ಪಕ್ಕದಲ್ಲಿ ನಿಂತು ಕಡ್ಡಿಯಿಂದ ತೋರಿಸುತ್ತಿದ್ದೆ. ಅವಳು ಮೊದಲ ಸಾಲು ಓದಿದಳು, ಎರಡನೆಯದು ಓದಿದಳು, ಮೂರನೆಯದಕ್ಕೆ ಬಂದವಳು ಓದುವುದನ್ನು ನಿಲ್ಲಿಸಿದಳು.

"ಕಾಣ್ತಿಲ್ವಾ?" ಎಂದರು ಯಜಮಾನರು.

ಅವಳು ಹಲಗೆಯನ್ನು ನೋಡುತ್ತಿರಲಿಲ್ಲ.

"ಅಯ್ಯೋ," ಎಂದಳು, "ನಿಂಗೆ ಯಾವಾಗ ಬಿಳಿ ಕೂದ್ಲು ಬಂತೋ?"

ಯಜಮಾನರು ಕೆಮ್ಮಿ ಗಾಜು ಒರೆಸತೊಡಗಿದರು. ಮಧ್ಯದಲ್ಲಿ ನಾಯಿ ಇಲ್ಲದೆ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಕಡ್ಡಿ ಹಿಡಿದುಕೊಂಡೇ ನಿಂತಿದ್ದೆ. "ಕಿವಿ ಹತ್ರಾನಾ?" ಎಂದೆ. "ಎಲ್ಲಾ ಕಡೆ" ಎಂದಳು. ಹೋಗಲಿ, ಅವಳ ಕಣ್ಣ ಕೆಳಗಿನ ಕಪ್ಪು ನನಗೂ ಆಗಲೇ ಕಂಡದ್ದು. ಹಗಲಿನ ಬೆಳಕೇ ಹಾಗೆ. ಫ್ರೇಮನ್ನು ಅವಳೇ ಆರಿಸಿಕೊಂಡಳು. ಗಾಜನ್ನು ನಾನೇ ಉಜ್ಜಿದೆ. ರಜೆಯಲ್ಲಿದ್ದವನು ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದನ್ನು ಯಜಮಾನರು ಈಗಲೂ ಎಲ್ಲರಿಗೂ ಹೇಳುತ್ತಾರೆ.

ಸಂಜೆ ಟೀಚರು ಬಾಗಿಲಲ್ಲಿ ಕಾಯುತ್ತಿದ್ದರು. "ಊಟ ಮಾಡ್ದ. ನೀರಿನ ತೊಟ್ಟೀಲಿ ಕೂತ್ಕೊಂಡು ಬೇರೆ ಯಾರಿಗೂ ಜಾಗ ಕೊಡ್ಲಿಲ್ಲ. ಆ ಕುಳ್ಳ ಇವನ ಹೊಟ್ಟೆ ಮೇಲೇ ನಿದ್ದೆ ಹೊಡ್ದ. ನಾಳೆಯಿಂದ ಕಳ್ಸಿ." ಹಗ್ಗದ ತುದಿಯನ್ನು ನಮ್ಮ ಕಡೆ ಚಾಚಿ, ಕಲಿತ ಪಾಠ ಒಪ್ಪಿಸುವವರ ಹಾಗೆ, "ಬಿಟ್ಟೆ" ಎಂದರು.

ನಾನೂ ಅವಳೂ ಒಟ್ಟಿಗೆ ಕೈ ಹಾಕಿದೆವು. "ಹಿಡ್ದೆ" ಎಂದೆವು, ಇಬ್ಬರೂ.

ದಿಂಬು ಗೊಂದಲದಲ್ಲಿ ಬಿತ್ತು. ಮನೆಗೆ ಬರುವ ದಾರಿಯಲ್ಲಿ ಪ್ರತಿ ತಿರುವಿನಲ್ಲೂ ನಿಂತು ನಮ್ಮಿಬ್ಬರ ಮುಖ ನೋಡಿತು, ಯಾರು ಹೋಗುವವರು ಎಂದು. ಯಾರೂ ಹೋಗಲಿಲ್ಲ. ಬೆಳಿಗ್ಗೆ ನಾನು ಖುಷಿ ಎಂದುಕೊಂಡದ್ದು ಇದನ್ನೇ. ಮನೆಯೊಳಗೆ ಬಂದು ಬಾಗಿಲು ಹಾಕಿದ ಮೇಲೂ ಅದು ಹೊಸ್ತಿಲ ಹತ್ತಿರವೇ ಕೂತಿತ್ತು. ನಾವಿಬ್ಬರೂ ಚಪ್ಪಲಿ ಬಿಚ್ಚಿದ್ದನ್ನು ನೋಡಿತು. ಇವಳು ಒಲೆಯ ಮೇಲೆ ಹಾಲಿಟ್ಟು, ಹೊಸ ಕನ್ನಡಕವನ್ನು ಸರಿಮಾಡಿಕೊಳ್ಳುತ್ತಾ ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ನಾನೇ. ಹಗಲು ಶಿಫ್ಟು." ನನ್ನ ಕಡೆ ತಿರುಗಿ, "ಹಿಡ್ದೆ" ಎಂದಳು.

ಫೋನಿನಲ್ಲಿ ಅಕ್ಕ ಏನೋ ಹೇಳಿ ಜೋರಾಗಿ ನಕ್ಕದ್ದು ಕೇಳಿಸಿತು. ದಿಂಬು ಇವಳ "ಹಿಡ್ದೆ" ಕೇಳಿದ್ದೇ, ಬಾಗಿಲಿಗೆ ಅಡ್ಡವಾಗಿ, ಗೋಡೆಯಿಂದ ಗೋಡೆಗೆ ಮಲಗಿಬಿಟ್ಟಿತು. ಇನ್ನು ಯಾರೂ ಹೊರಗೆ ಹೋಗುವ ಹಾಗಿರಲಿಲ್ಲ.

ಅವಳು ಬಂದು ನನ್ನ ಪಕ್ಕ ಕೂತಳು. ಕೂದಲಿನ ವಿಷಯಕ್ಕೆ ಮತ್ತೆ ಬಂದಳು. ನಾನು ಅವಳ ಬಸ್ಸಿನ ವಿಷಯ ಕೇಳಿದೆ, ಯಾರ್ಯಾರನ್ನು ಕೇಳಿ ಹತ್ತುತ್ತಿದ್ದೆ ಎಂದು. ಮಾತು ಎಲ್ಲೆಲ್ಲಿಗೋ ಹೋಯಿತು. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಓಡಿದೆವು. ಹಾಲು ಒಲೆ ದಾಟಿ, ಕಟ್ಟೆ ದಾಟಿ, ನೆಲಕ್ಕೆ ಇಳಿದಿತ್ತು.

ಯಾರು ಹಿಡಿದಿದ್ದರು ಎಂದು ವಿಚಾರಣೆ ನಡೆಯಿತು. ಯಾರೂ ಹಿಡಿದಿರಲಿಲ್ಲ. ದಿಂಬು ಎದ್ದು ಬಂದು ನೆಲ ನೆಕ್ಕಿತು.